ಅಕ್ಕತಂಗಿಯರ ಎಂಜಲು

ಮೊದಲ ವರ್ಷ ಊರೂರು ತಿರುಗಿ ತಂದ ಟ್ಯೂಬುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ ಎಂದು ನಮ್ಮ ಸಂಶೋಧಕಿ ಹೇಳಿದಾಗ, ಬಸ್ಸಿನಲ್ಲಿ ಬರುವಾಗ ಪೆಟ್ಟಿಗೆಗೆ ಬಿಸಿಲು ಬಡಿಯಿತೇನೋ ಎಂದು ನಾನು ಗಾಬರಿಯಾದೆ. ಪೆಟ್ಟಿಗೆಯ ಮೇಲೆ ಒದ್ದೆ ಟವೆಲು ಹೊದಿಸಿಯೇ ತರುತ್ತಿದ್ದೆ ಎಂದೂ ಹೇಳಿದೆ. ಅವರು ನಕ್ಕರು.

"ಟ್ಯೂಬಿಗೆ ಏನೂ ಆಗಿಲ್ಲ ಮೇಡಂ. ನಿಮ್ಮ ಕಡೆ ಎಲ್ಲರೂ ಎಲ್ಲರಿಗೂ ನೆಂಟರು. ಅದೇ ತೊಂದರೆ."

ನಮ್ಮ ಕೆಲಸ ಇಷ್ಟು. ಎತ್ತರ, ರಕ್ತದೊತ್ತಡ, ಸಕ್ಕರೆ ಇಂಥವು ಒಬ್ಬರಿಂದೊಬ್ಬರಿಗೆ ಬೇರೆಯಾಗಿರುತ್ತವಲ್ಲ, ಆ ವ್ಯತ್ಯಾಸದಲ್ಲಿ ಹುಟ್ಟಿನಿಂದ ಬಂದ ವಂಶವಾಹಿಗಳ ಪಾಲು ಎಷ್ಟು ಎಂದು ಅಂದಾಜು ಮಾಡುವುದು. ಮೈಸೂರಿನಲ್ಲಿ ಕುಳಿತು ಅಂದಾಜು ಮಾಡುವವರು ಆಕೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮನೆಗಳಿಗೆ ಹೋಗಿ ಅಳತೆ ತೆಗೆದು, ಸಣ್ಣ ಟ್ಯೂಬಿನಲ್ಲಿ ಜೊಲ್ಲು ಸಂಗ್ರಹಿಸಿ ತರುವವಳು ನಾನು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಸಿಕ್ಕ ಮೊದಲ ಕೆಲಸ. ಊರುಗಳಲ್ಲಿ ನನಗೆ 'ಉಗಿಸೋ ಮೇಡಮ್ಮ' ಎಂದು ಹೆಸರು ಬಿದ್ದಿತ್ತು. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ದರೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ಮೊದಲು ಹಿಡಿದಿದ್ದ ವಿಧಾನಕ್ಕೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಜನ ಬೇಕಿತ್ತು. ನಮ್ಮಲ್ಲಿ ಸೋದರಮಾವನಿಗೆ ಕೊಟ್ಟವರು, ಸೋದರತ್ತೆಯ ಮಗನನ್ನು ತಂದುಕೊಂಡವರು, ಇತ್ತ ಕೊಟ್ಟು ಅತ್ತ ತಂದವರು. ಪಾಂಡವಪುರದ ಒಂದು ಹೆಸರಿಗೂ ಕೆ.ಆರ್. ಪೇಟೆಯ ಇನ್ನೊಂದು ಹೆಸರಿಗೂ ನನ್ನ ಕಾಗದದಲ್ಲಿ ಯಾವ ನಂಟೂ ಇರಲಿಲ್ಲ. ಕಂಪ್ಯೂಟರು ಮಾತ್ರ ಇಬ್ಬರನ್ನೂ ಜೋಡಿಸಿ ಒಬ್ಬರನ್ನು ಹೊರಗೆ ಹಾಕಿತ್ತು. ಹಾಗೆ ಹಾಕುತ್ತಾ ಹಾಕುತ್ತಾ ಉಳಿದವರು ಅರ್ಧಕ್ಕೂ ಕಡಿಮೆ.

ಸಂಶೋಧಕಿ ದಾರಿ ಬದಲಿಸಿದರು. ಇನ್ನು ಅಕ್ಕತಂಗಿಯರನ್ನೇ ಹುಡುಕಬೇಕು. ಒಡಹುಟ್ಟಿದವರು ವಂಶವಾಹಿಗಳನ್ನು ಅರ್ಧಕ್ಕರ್ಧ ಹಂಚಿಕೊಂಡಿರುತ್ತಾರೆ ಎಂದು ನಾನು ಓದಿದ್ದೆ. ಅದು ಸರಾಸರಿಯಂತೆ. ಒಂದು ಜೋಡಿ ನೂರಕ್ಕೆ ನಲವತ್ತೈದರಷ್ಟು ಹಂಚಿಕೊಂಡಿದ್ದರೆ ಇನ್ನೊಂದು ಜೋಡಿ ಐವತ್ತೈದರಷ್ಟು. ಹೆಚ್ಚು ಹಂಚಿಕೊಂಡ ಜೋಡಿಗಳು ಎತ್ತರದಲ್ಲೂ ಹೆಚ್ಚು ಹತ್ತಿರ ಇದ್ದರೆ, ಅದು ವಂಶವಾಹಿಯ ಕೆಲಸ. ಯಾಕೆಂದರೆ ಪ್ರತಿ ಜೋಡಿಯ ಇಬ್ಬರೂ ಉಂಡು ಬೆಳೆದದ್ದು ಒಂದೇ ಅಡುಗೆಮನೆಯಲ್ಲಿ.

"ಅಂದ್ರೆ ನನ್ನ ಎತ್ತರದಲ್ಲಿ ನಮ್ಮಪ್ಪಂದು ಎಷ್ಟು, ನಮ್ಮಮ್ಮನ ಅಡುಗೇದು ಎಷ್ಟು ಅಂತ ಗೊತ್ತಾಗುತ್ತಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಒಬ್ಬರ ಲೆಕ್ಕ ಅಲ್ಲ ಇದು. ಎಲ್ಲ ಮನೆಗೂ ಒಂದೇ ಚೀಲದ ರಾಗಿಹಿಟ್ಟು ಕೊಟ್ರೆ, ಮುದ್ದೆ ಮುದ್ದೆಗೂ ಇರೋ ವ್ಯತ್ಯಾಸ ಎಲ್ಲ ತಿರುವಿದ ಕೈಯದ್ದು. ಒಂದೇ ಕೈ ಎಲ್ಲ ಮನೇಲೂ ತಿರುವಿದ್ರೆ, ವ್ಯತ್ಯಾಸ ಎಲ್ಲ ಹಿಟ್ಟಿಂದು. ಒಂದೇ ಒಂದು ಮುದ್ದೆ ಹಿಡ್ಕೊಂಡು ಇದರಲ್ಲಿ ಹಿಟ್ಟೆಷ್ಟು ಕೈಯೆಷ್ಟು ಅಂತ ಕೇಳಕ್ಕಾಗಲ್ಲ."

ಆ ಕ್ಷಣ ಅರ್ಥವಾಯಿತು. ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟುವ ಹೊತ್ತಿಗೆ ಮತ್ತೆ ಗೋಜಲಾಯಿತು. ಈಗಲೂ ಒಂದೊಂದು ದಿನ ಅರ್ಥವಾಗುತ್ತದೆ, ಒಂದೊಂದು ದಿನ ಇಲ್ಲ.

ಅಕ್ಕತಂಗಿಯರನ್ನು ಒಂದೇ ದಿನ, ಒಂದೇ ಮನೆಯಲ್ಲಿ, ಒಂದೇ ಅಳತೆಗೋಲಿನಿಂದ ಅಳೆಯಬೇಕೆಂಬುದು ನಿಯಮ. ಬೇರೆ ಬೇರೆ ಮನೆಯ ನೆಲ ಬೇರೆ ಬೇರೆ ವಾಲಿರುತ್ತದೆ, ಅಳತೆ ತಪ್ಪುತ್ತದೆ. ಹಾಗಾಗಿ ಒಬ್ಬಳು ಇನ್ನೊಬ್ಬಳ ಗಂಡನ ಮನೆಗೆ ಬರಬೇಕಿತ್ತು. ಫಾರಂನ ಕೊನೆಯಲ್ಲಿ ಅಚ್ಚಾಗಿದ್ದ ಸಾಲು: 'ಜೊಲ್ಲನ್ನು ನನ್ನ ಸಮ್ಮುಖದಲ್ಲಿ ಸಂಗ್ರಹಿಸಲಾಗಿದೆ.' ಅದರ ಕೆಳಗೆ ನನ್ನ ಸಹಿ.

ನಾಗಮಂಗಲದ ಹತ್ತಿರದ ಒಂದು ಬಡಗಿಯವರ ಮನೆ ನನಗೆ ಚೆನ್ನಾಗಿ ನೆನಪಿದೆ. ಹಜಾರದ ಮೂಲೆಯಲ್ಲಿ ಅರ್ಧ ಕೆತ್ತಿದ ಬಾಗಿಲು, ಕಿಟಕಿಯ ಸರಳುಗಳ ಮೇಲೆಲ್ಲ ಮರದ ಹೊಟ್ಟು. ತಂಗಿ ಆ ಮನೆಯ ಸೊಸೆ. ಅಕ್ಕ ಕೆ.ಆರ್. ಪೇಟೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ರವಿಕೆಯ ತೋಳಿನ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಅಕ್ಕ ಎತ್ತರ, ತಂಗಿ ಅವಳ ಭುಜಕ್ಕೆ ಬರುತ್ತಿದ್ದಳು. ತಂಗಿಯ ಅತ್ತೆ ಕಂಬಕ್ಕೆ ಒರಗಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು.

"ಇದೇನವ್ವಾ, ಉಗ್ಯಾಕೂ ಒಬ್ರನ್ನ ಮೈಸೂರಿಂದ ಕಳುಸ್ತಾರಾ? ನಮ್ ಯಜಮಾನ್ರು ದಿನಾ ಬೀದಿ ತುಂಬ ಉಗ್ದವ್ರೆ, ಒಬ್ರೂ ಬಂದು ತಕಂಡೋಗ್ನಿಲ್ಲ!"

"ಅತ್ಯಮ್ಮ, ನೀವ್ ಸುಮ್ಕಿರಿ," ಎಂದು ಸೊಸೆ ನಕ್ಕಳು.

ನಾನು ಎಲ್ಲ ಕಡೆ ಹೇಳುವಂತೆ ಅಲ್ಲೂ ಹೇಳಿದೆ. ಅಕ್ಕತಂಗಿಯರು ಎಂದರೆ ಒಂದೇ ಬೇರಿನ ಎರಡು ಕೊಂಬೆ, ಅದಕ್ಕೇ ಇಬ್ಬರದೂ ಬೇಕು ಎಂದು. ನಾನೇ ಕಟ್ಟಿಕೊಂಡ ಮಾತು ಅದು. ಎಲ್ಲರೂ ತಲೆಯಾಡಿಸುತ್ತಿದ್ದರು ಎಂದು ನನಗೆ ಹೆಮ್ಮೆ ಬೇರೆ. ಅಳತೆ ಮುಗಿಯಿತು. ಅರ್ಧ ಗಂಟೆ ನೀರು, ಎಲೆಅಡಿಕೆ ಏನೂ ಇಲ್ಲದೆ ಕುಳಿತರು. ಆಮೇಲೆ ತಂಗಿ ಎರಡೂ ಟ್ಯೂಬು ಎತ್ತಿಕೊಂಡು, "ನಾವ್ ಇತ್ಲಿಗೆ ಓಗ್ಬತ್ತೀವಿ ಮೇಡಮ್ಮ," ಎಂದಳು. ಸರಿ ಎಂದೆ. ಒಬ್ಬರು ಉಗುಳುವುದನ್ನು ನಿಂತು ನೋಡುವುದು ನನ್ನಿಂದ ಆಗದು. ಅತ್ತೆ ಕೊಟ್ಟ ಮಜ್ಜಿಗೆ ಕುಡಿಯುತ್ತಾ ಆ ಅರ್ಧ ಕೆತ್ತಿದ ಬಾಗಿಲಿನ ಬಳ್ಳಿ ನೋಡುತ್ತಾ ಕುಳಿತೆ. ಬಹಳ ಹೊತ್ತಾದ ಮೇಲೆ ಇಬ್ಬರೂ ಬಂದರು. ಗೆರೆಯವರೆಗೆ ತುಂಬಿದ, ಮುಚ್ಚಳ ಹಾಕಿದ ಎರಡು ಟ್ಯೂಬು. ಸಹಿ ಹಾಕಿದೆ.

ಐದಾರು ತಿಂಗಳ ಮೇಲೆ ಮೈಸೂರಿನಿಂದ ಫೋನು ಬಂತು. ಕೂಡಲೇ ಬರಬೇಕಂತೆ.

ಸಂಶೋಧಕಿ ಬಾಗಿಲು ಮುಂದೆ ಮಾಡಿ ನನ್ನನ್ನು ಕೂರಿಸಿದರು. ನನ್ನ ಮಗಳ ವಯಸ್ಸಿನವರಿರಬೇಕು. ಅಂದು ನನಗಿಂತ ಹಿರಿಯರಂತೆ ಕಂಡರು.

"ಮೇಡಂ, ನಿಮ್ಮ ಎರಡು ಜೋಡಿಗಳಲ್ಲಿ ಅಕ್ಕ ತಂಗಿ ಒಂದೇ ಅಂತ ಬರ್ತಿದೆ. ನಾಗಮಂಗಲದ್ದು ಒಂದು, ಪಾಂಡವಪುರದ್ದು ಒಂದು."

"ಒಂದೇ ಅಂದ್ರೆ?"

"ಅವಳಿ. ಅಕ್ಷರಕ್ಷರ ಒಂದೇ."

"ಅವಳಿ ಅಲ್ಲಮ್ಮ. ನಾಗಮಂಗಲದವರಿಗೆ ನಾಲ್ಕು ವರ್ಷ ಹೆಚ್ಚುಕಡಿಮೆ ಇದೆ. ಒಬ್ಬಳು ಇನ್ನೊಬ್ಬಳ ಭುಜಕ್ಕೆ ಬರ್ತಾಳೆ."

"ಅದೇ ಮೇಡಂ. ಇದನ್ನ ಲೆಕ್ಕಕ್ಕೆ ಸೇರಿಸಿದ್ರೆ ವಂಶವಾಹಿ ಪೂರ್ತಿ ಒಂದೇ ಇದ್ದೂ ಎತ್ತರ ಇಷ್ಟು ಬೇರೆ ಅಂತಾಗುತ್ತೆ. ಉತ್ತರ ಸೊನ್ನೆ ಕಡೆ ಎಳೆಯುತ್ತೆ." ಅವರು ಪೆನ್ನಿನ ಕ್ಯಾಪು ತೆಗೆದು ಹಾಕಿದರು. "ಬೇಜಾರ್ ಮಾಡ್ಕೋಬೇಡಿ. ಕೇಳಲೇಬೇಕು. ಆ ದಿನ ಇಬ್ಬರೂ ಬಂದಿದ್ರಾ? ಅಥವಾ ಒಬ್ಬರು ಬರಲಿಲ್ಲ ಅಂತ..."

ಒಬ್ಬರದನ್ನೇ ಎರಡಕ್ಕೂ ತುಂಬಿಸಿದಿರಾ ಎಂಬುದು ಅದರ ಅರ್ಥ. "ನಾನೇ ಇಬ್ಬರ ಎತ್ತರ ಅಳೆದಿದೀನಮ್ಮ," ಎಂದೆ.

"ನಾನು ನಂಬ್ತೀನಿ. ಆದರೆ ಅಧ್ಯಯನ ನೋಡ್ಕೊಳ್ಳೋ ಸಮಿತಿಯವರು ಕಾರಣ ಕೇಳಿದಾರೆ. ಕಾರಣ ಸಿಗದಿದ್ರೆ ನೀವು ತಂದ ಎಂಬತ್ತಾರು ಜೋಡೀನೂ ತೆಗೆದುಹಾಕಿ ಅಂತಾರೆ. ಮತ್ತೆ ನಿಮ್ಮದೂ ಒಂದು ಸ್ಯಾಂಪಲ್ ಕೊಡಬೇಕು. ಬೇರೆ ಯಾವ ಟ್ಯೂಬಲ್ಲೂ ನೀವಿಲ್ಲ ಅಂತ ತೋರಿಸೋದಕ್ಕೆ."

ಎರಡು ವರ್ಷದ ಕೆಲಸ. ಅದಕ್ಕಿಂತ, ಕಳ್ಳ ಲೆಕ್ಕ ಬರೆದವಳು ಎಂಬ ಮಾತು. ಟ್ಯೂಬು ಕೈಗೆ ಬಂತು. ಬಾಯಲ್ಲಿ ಒಂದು ಹನಿ ಇಲ್ಲ. ನೂರಾರು ಹೆಂಗಸರಿಗೆ ಹುಣಸೆಹಣ್ಣು ನೆನೆಸಿಕೊಳ್ಳಿ ಎಂದು ಹೇಳಿಕೊಟ್ಟವಳು ನಾನು. ಎಷ್ಟು ನೆನೆಸಿಕೊಂಡರೂ ನಾಲಿಗೆ ಅಂಗುಳಿಗೆ ಅಂಟಿಕೊಂಡೇ ಇತ್ತು. ಸಂಶೋಧಕಿ ಒಂದು ನಿಮಿಷ ನೋಡಿದರು. ಪಾಪ, ನನಗೆ ಮುಜುಗರವಾಗಬಾರದೆಂದು ಕುರ್ಚಿ ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿ ಕುಳಿತರು.

ಅವರ ಜಡೆಯ ರಬ್ಬರ್ ಬ್ಯಾಂಡು ಕಾಣುತ್ತಿತ್ತು. ನೀಲಿ ಬಣ್ಣದ್ದು. ಅದನ್ನೇ ನೋಡುತ್ತಾ ಕುಳಿತವಳಿಗೆ ಥಟ್ಟನೆ ಹೊಳೆಯಿತು. ಈಗ ಈ ಟ್ಯೂಬಿಗೆ ಯಾರು ಏನು ತುಂಬಿದರೂ ಅವರಿಗೆ ತಿಳಿಯುವುದಿಲ್ಲ. ನಾನೂ ಎಲ್ಲ ಮನೆಗಳಲ್ಲೂ ಹೀಗೆಯೇ ಕುಳಿತಿದ್ದೆ.

ಹೇಗೋ ಟ್ಯೂಬು ತುಂಬಿಸಿ ಕೊಟ್ಟೆ, ಆದರೆ ಇದನ್ನು ಅಂದು ಹೇಳಲಿಲ್ಲ. ನಿಜವೇನೆಂದು ನನಗೇ ಗೊತ್ತಿರಲಿಲ್ಲವಲ್ಲ. ಮಾರನೆಯ ಬೆಳಿಗ್ಗೆ ನಾಗಮಂಗಲದ ಬಸ್ಸು ಹತ್ತಿದೆ.

ತಂಗಿ ನಲ್ಲಿಯ ಹತ್ತಿರ ಬಿಂದಿಗೆ ತೊಳೆಯುತ್ತಿದ್ದಳು. ಅತ್ತೆ ಯಾರದೋ ಮನೆಯ ನಾಮಕರಣಕ್ಕೆ ಹೋಗಿದ್ದರು. ನಾನು ಸುತ್ತಿ ಬಳಸಿ ಕೇಳಿದೆ. ಅವಳು ಬಿಂದಿಗೆ ಕೆಳಗಿಟ್ಟು ನೇರ ಹೇಳಿಬಿಟ್ಟಳು.

"ಅಯ್ಯೋ, ಅದ್ಕ್ಯಾಕ್ ಇಷ್ಟ್ ದೂರ ಬಂದ್ರಿ? ಎರಡ್ಕೂ ನಾನೇ ಕಣಕ್ಕ ತುಂಬ್ಸುದ್ದು. ನಮ್ಮಕ್ಕ ಬೀಗ್ರು ಮನೇಲಿ ಉಗುದ್ರೆ ನಮ್ಮತ್ತೆ ಬುಡ್ತಾರಾ? ಸಾಯಗಂಟ ಆಡ್ಕತಾರೆ, 'ನಿಮ್ಮಕ್ಕ ನಮ್ ಇತ್ಲಲ್ಲಿ ಉಗ್ದೋದ್ಲು' ಅಂತ. ನಂಗಾದ್ರೆ ಸ್ವಂತ ಮನೆ."

"ನನಗೆ ಹೇಳಬಾರದಾಗಿತ್ತೇನಮ್ಮ?"

"ಏನ್ ಯೋಳಾದು? ನೀವೇ ಅಂದ್ರಲ್ಲ, ಅಕ್ಕತಂಗೀರ್ದು ಒಂದೇ ಬೇರು ಅಂತ. ಬೇರ್ ಒಂದೇ ಆದ್ಮೇಲೆ ಯಾವ್ ಬಾಯ್ದಾದ್ರೇನು?" ಆಮೇಲೆ ಸ್ವಲ್ಪ ಕೋಪದಿಂದಲೇ ಸೇರಿಸಿದಳು: "ಎರಡ್ ಟ್ಯೂಬು ತುಂಬ್ಸಾದ್ ಅಂದ್ರೆ ಉಡುಗಾಟ ಅನ್ಕಂಡ್ರಾ? ಮಾವಿನ್ಕಾಯಿ ನೆನುಸ್ಕಂಡು ನೆನುಸ್ಕಂಡು ನನ್ ದವಡೆನೇ ನೋವು ಬಂದೋಗಿತ್ತು!"

ಅಲ್ಲಿಂದ ಪಾಂಡವಪುರಕ್ಕೆ ಹೋದೆ. ಕಬ್ಬು ಬೆಳೆಯುವ ಗೌಡರ ಮನೆ. ಅಲ್ಲಿ ಕಾರಣ ಬೇರೆ: ಅಕ್ಕನಿಗೆ ಯಾವುದೋ ಮಾತ್ರೆಯಿಂದ ಬಾಯಿ ಒಣಗುತ್ತಿತ್ತು. ನನಗೆ ಬಸ್ಸು ತಪ್ಪೀತೆಂದು ಕನಿಕರಪಟ್ಟು ತಂಗಿಯೇ ತುಂಬಿಸಿಬಿಟ್ಟಿದ್ದಳು. "ಪಾಪ, ಮೇಡಮ್ಮ ಎಷ್ಟೊತ್ತೂಂತ ಕಾಯ್ತರೆ," ಎಂದು.

ಸಂಜೆ ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಕೆ.ಆರ್.ಎಸ್.ನಲ್ಲಿ ನೀರಾವರಿ ಕಚೇರಿಯ ಕೆಲಸದಲ್ಲಿರುವವರು. ಫೈಲು ಹೇಗೆ ನಡೆಯುತ್ತದೆಂದು ಬಲ್ಲರು.

"ಸರಿಹೋಯ್ತಲ್ಲ. ಆ ಎರಡರದ್ದು ಬರೆದುಕೊಡು. ಹೆಂಗಸರು ಮಾಡಿದ ತಪ್ಪು ಅಂತಾಗುತ್ತೆ, ನಿನ್ನ ಮೇಲಿಂದ ಹೋಗುತ್ತೆ. ಅವರು ಕೇಳಿರೋದೂ ಎರಡನ್ನೇ."

"ಮಿಕ್ಕಿದ್ದು?"

"ಮಿಕ್ಕಿದ್ದು ಮೆಷಿನ್ನೇ ಸರಿ ಇದೆ ಅಂದಿದೆಯಲ್ಲ. ನೀನ್ಯಾಕೆ ಕೆದಕ್ತೀಯ?"

ಮಾತು ಸರಿಯೆನಿಸಿತು. ಹುಳಿಗೆ ಬೇಳೆ ಇಟ್ಟೆ, ಕುಕ್ಕರು ಎಷ್ಟು ಸಲ ಕೂಗಿತೆಂದು ಎಣಿಸುವುದು ಮರೆತೆ. ಎಂಬತ್ತಾರು ಫಾರಂಗಳಲ್ಲಿ ನನ್ನ ಸಮ್ಮುಖದಲ್ಲಿ ಎಂದು ಸಹಿ ಹಾಕಿದ್ದೆ. ನಿಜವಾಗಿ ಎಷ್ಟರಲ್ಲಿ ನೋಡಿದ್ದೆ? ಒಬ್ಬಳು ಮಜ್ಜಿಗೆ ಕೊಟ್ಟಿದ್ದಳು, ಒಬ್ಬಳು ಮಗಳ ಮದುವೆಯ ಆಲ್ಬಂ, ಇನ್ನೊಬ್ಬಳು ಸೀರೆಗೆ ಕಟ್ಟುತ್ತಿದ್ದ ಕುಚ್ಚು ತೋರಿಸಿದ್ದಳು. ಅವೆಲ್ಲ ಒಂದೊಂದೂ ನೆನಪಿವೆ. ಒಂದು ಬಾಯಿಯೂ ನೆನಪಿಲ್ಲ.

ಮರುದಿನ ಸಂಶೋಧಕಿಗೆ ಫೋನು ಮಾಡಿದೆ. ಎರಡು ಮನೆಯ ಕಾರಣ ಹೇಳಿದೆ. ಅವರ ಉಸಿರು ಹಗುರಾದದ್ದು ಕೇಳಿಸಿತು.

"ಸದ್ಯ ಮೇಡಂ! ಇಷ್ಟೇನಾ? ಆ ಎರಡು ತೆಗೆದುಬಿಡ್ತೀನಿ, ಮುಗೀತು."

"ಮುಗಿಯಲಿಲ್ಲಮ್ಮ. ನಾನು ಯಾವ ಮನೆಯಲ್ಲೂ ನೋಡಿಲ್ಲ."

"ಯಾವ ಮನೆಯಲ್ಲೂ ಅಂದ್ರೆ?"

"ಎಂಬತ್ತಾರರಲ್ಲೂ."

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ತಂಗಿಯೇ ಎರಡೂ ತುಂಬಿದರೆ ಅವಳಿ ಎಂದು ತೋರುತ್ತದೆ, ಮಗಳು ತುಂಬಿದರೆ ಹಂಚಿಕೆ ಕಡಿಮೆಯಾಗಿ ಸಿಕ್ಕಿಬೀಳುತ್ತದೆ. ಆದರೆ ಅಧ್ಯಯನಕ್ಕೆ ಸೇರದ ಇನ್ನೊಬ್ಬ ಅಕ್ಕನೋ ತಂಗಿಯೋ ತುಂಬಿಸಿದ್ದರೆ? ಅಲ್ಲಿ ಇಬ್ಬರು ಅಕ್ಕತಂಗಿಯರೇ ಕಾಣುತ್ತಾರೆ. ಎತ್ತರ ಒಬ್ಬಳದು, ಜೊಲ್ಲು ಇನ್ನೊಬ್ಬಳದು. ಅದನ್ನು ಯಂತ್ರ ಯಾವತ್ತೂ ಹಿಡಿಯಲಾರದು.

"ಮಾರ್ಚಿಗೆ ನಮ್ಮ ಅವಧಿ ಮುಗಿಯುತ್ತೆ ಮೇಡಂ."

"ಹೊಸ ಟ್ಯೂಬು ಇದ್ಯಾ?"

"ಟ್ಯೂಬು ಇದೆ. ಎಪ್ಪತ್ತು ದಿನ ಇದೆ. ಇಬ್ಬರನ್ನೂ ಒಂದೇ ಮನೆಗೆ ಕರೆಸಬೇಕಾಗಿಲ್ಲ, ಎತ್ತರ ಆಗಿದೆಯಲ್ಲ. ಅವರವರ ಮನೆಗೇ ಹೋಗಬಹುದು. ನೂರ ಎಪ್ಪತ್ತೆರಡು ಜನ. ಆಗುತ್ತಾ?"

ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಎರಡನೆಯ ಸುತ್ತು ಕಷ್ಟದ್ದು. ಮೊದಲ ಸಲ ನಗುತ್ತಾ ಕೊಟ್ಟವರು ಈ ಸಲ ಹುಬ್ಬು ಗಂಟಿಕ್ಕಿದರು. "ಮೊದ್ಲು ಇಸ್ಕಂಡೋಗಿದ್ನ ಏನ್ ಮಾಡುದ್ರಿ? ಮಾರ್ಕಂಡ್ರಾ?" ಎಂದು ಕೆ.ಆರ್. ಪೇಟೆಯ ಒಬ್ಬ ಹಿರಿಯಾಕೆ ಕೇಳಿದರು. ನನ್ನ ತಪ್ಪಿನಿಂದ ಮತ್ತೆ ಬಂದಿದ್ದೇನೆ ಎಂದು ಪ್ರತಿ ಬಾಗಿಲಲ್ಲೂ ಹೇಳಿದೆ. ನಾಲ್ಕು ಜೋಡಿಯವರು ಒಲ್ಲೆ ಎಂದರು. ಅದು ಅವರ ಹಕ್ಕು, ಕೈಮುಗಿದು ಬಂದೆ. ಬೇರು ಕೊಂಬೆಯ ಮಾತು ಬಿಟ್ಟೆ. "ನಿಮ್ಮದು ನಿಮ್ಮೊಬ್ಬರದೇ, ನಿಮ್ಮ ತಂಗೀದು ಬೇರೆ, ಎಷ್ಟು ಬೇರೆ ಅಂತ ನೋಡೋಕೇ ಬಂದಿರೋದು," ಎನ್ನತೊಡಗಿದೆ. ಮೊದಲೇ ಹೀಗೆ ಹೇಳಬೇಕಿತ್ತು.

ನಾಗಮಂಗಲದ ಮನೆಯ ಆ ಅಕ್ಕನನ್ನು ಕಾಣಲು ಕೆ.ಆರ್. ಪೇಟೆ ಕಡೆಯ ಅವಳ ಊರಿಗೆ ಹೋದಾಗ ಅವಳ ಮಾವ, ಭಾವ ಇಬ್ಬರೂ ಜಗುಲಿಯ ಮೇಲೆ ಕುಲುಮೆಗೆ ಬಂದ ಗುದ್ದಲಿ, ಮಚ್ಚು ಹರಡಿಕೊಂಡು ಕುಳಿತಿದ್ದರು. ಅವಳು ಅವರಿಗೆ ತಲೆಬಾಗಿ, ನನ್ನನ್ನು ನೇರ ಕೊಟ್ಟಿಗೆಗೆ ಕರೆದುಕೊಂಡು ಹೋದಳು.

"ಇಲ್ಲಾದ್ರೆ ಆಯ್ತದೆ. ಇವುಕ್ ಮಾತ್ ಬರಾಕಿಲ್ವಲ್ಲ," ಎಂದು ಎರಡು ಹಸುಗಳನ್ನು ತೋರಿಸಿದಳು. ಟ್ಯೂಬು ಬಾಯಿಯ ಹತ್ತಿರ ತಂದವಳು ನಿಲ್ಲಿಸಿದಳು. "ನೀವ್ ಆಕಡೀಕ್ ತಿರುಕ್ಕಳಿ."

"ಇಲ್ಲಮ್ಮ. ನೋಡಲೇಬೇಕು."

"ಥೂ, ನಾಚ್ಕೆ ಆಯ್ತದೆ ಕಣಕ್ಕ!"

"ನನಗೂ ಆಗ್ತಾ ಇದೆ."

ಇಬ್ಬರಿಗೂ ನಗು ಬಂತು. ನಗುವಿನಲ್ಲಿ ಬರೀ ನೊರೆ ಬಂತು, ನೊರೆ ಲೆಕ್ಕಕ್ಕಿಲ್ಲ, ಇಳಿಯುವವರೆಗೆ ಕಾಯಬೇಕು. ಒಂದು ಹಸು ನನ್ನ ಸೆರಗು ಮೂಸುತ್ತಿತ್ತು. ಕಾಲು ಗಂಟೆಯ ಮೇಲೆ ಗೆರೆ ಮುಟ್ಟಿತು. ಮುಚ್ಚಳ ಅದುಮಿ, ಜೊಲ್ಲು ಕೆಡದಂತೆ ಅದರೊಳಗಿಟ್ಟ ದ್ರಾವಣ ಟ್ಯೂಬಿಗೆ ಇಳಿಯುವುದನ್ನು ಇಬ್ಬರೂ ನೋಡಿದೆವು.

"ನಂದೂ ನನ್ ತಂಗೀದೂ ಎಷ್ಟು ಒಂದೇ ಅಂತ ಬತ್ತದೆ?" ಎಂದು ಕೇಳಿದಳು.

"ಒಂದೊಂದು ಜೋಡೀದು ಹೇಳೋ ಹಾಗಿಲ್ಲಮ್ಮ. ಸಾಮಾನ್ಯವಾಗಿ ಅರ್ಧ. ಹೆಚ್ಚುಕಡಿಮೆ."

"ಅರ್ಧನೇಯಾ?" ಅವಳು ಕೈ ಒರೆಸಿಕೊಂಡಳು. "ನಾನು ಪೂರ್ತಿ ಅನ್ಕಂಡಿದ್ದೆ."

ಹಸುವಿನ ಹಣೆ ಸವರಿದೆ.

ಅರವತ್ತೆಂಟನೆಯ ದಿನ ಕೊನೆಯ ಪೆಟ್ಟಿಗೆ ಮೈಸೂರು ಸೇರಿತು. ನನ್ನ ಸ್ವಂತ ಟ್ಯೂಬಿನ ಫಲ ಅಷ್ಟರಲ್ಲಿ ಬಂದಿತ್ತು. ಯಾವ ಟ್ಯೂಬಿನಲ್ಲೂ ನಾನಿರಲಿಲ್ಲ. ಅದರಿಂದ ಆಗಬೇಕಿದ್ದಷ್ಟು ಸಮಾಧಾನ ನನಗೆ ಆಗಲಿಲ್ಲ.

ಬೇಸಿಗೆ ಕಳೆದ ಮೇಲೆ ಸಂಶೋಧಕಿ ಕರೆಸಿದರು. ಎಂಬತ್ತೆರಡು ಜೋಡಿಗಳಲ್ಲಿ ಎಪ್ಪತ್ತೊಂಬತ್ತರದ್ದು ಹಳೆಯದೂ ಹೊಸದೂ ಒಂದೇ. ಎರಡು ಗೊತ್ತಿದ್ದವು. ಒಂದು ಮಾತ್ರ ಹೊಸದು. ಶ್ರೀರಂಗಪಟ್ಟಣದ್ದೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅಲ್ಲಿ ಅಕ್ಕನ ಹೆಸರಿನ ಹಳೆಯ ಟ್ಯೂಬಿನಲ್ಲಿದ್ದದ್ದು ಅಕ್ಕನದಲ್ಲ, ತಂಗಿಯದೂ ಅಲ್ಲ. ಅವರಿಬ್ಬರ ಇನ್ನೊಬ್ಬ ಒಡಹುಟ್ಟಿದವಳದು.

"ನೀವು ಹೇಳದೇ ಇದ್ದಿದ್ರೆ ಇದು ಹಾಗೇ ಹೋಗಿಬಿಡ್ತಿತ್ತು," ಎಂದರು.

ಎಂಬತ್ತೆರಡರಲ್ಲಿ ಒಂದು. ಅದಕ್ಕಾಗಿ ಇಷ್ಟೆಲ್ಲ ಬೇಕಿತ್ತೇ? ಕೇಳಲು ಧೈರ್ಯ ಸಾಲದೆ, "ಉತ್ತರ ಏನು ಬಂತು?" ಎಂದೆ. ಅವರು ಹಾಳೆಯ ಮೇಲೆ ಒಂದು ಗೆರೆ ಎಳೆದು, ಒಂದು ತುದಿಗೆ ಸೊನ್ನೆ, ಇನ್ನೊಂದು ತುದಿಗೆ ಒಂದು ಎಂದು ಬರೆದರು. ಸೊನ್ನೆ ಎಂದರೆ ವಂಶವಾಹಿಯ ಪಾಲೇ ಇಲ್ಲ, ಒಂದು ಎಂದರೆ ಎಲ್ಲ ಅದರದ್ದೇ. ನಮ್ಮ ಉತ್ತರ ಹೆಚ್ಚುಕಡಿಮೆ ಆ ಗೆರೆಯ ಪೂರ್ತಿ ಉದ್ದ, ಅಂದರೆ ಅದರ ಮೇಲೆ ಎಲ್ಲಿ ಬೇಕಾದರೂ ಇರಬಹುದು. ಇಷ್ಟು ಜೋಡಿ ಸಾಲವಂತೆ, ಸಾವಿರಾರು ಬೇಕಂತೆ. ಬೇರೆ ಜಿಲ್ಲೆಗಳವರದ್ದೂ ಕೂಡಿದಾಗ ನಮ್ಮದು ಅದರಲ್ಲಿ ಸೇರುತ್ತದಂತೆ. ಸಮಿತಿ ಸೇರಿಸಲು ಒಪ್ಪಿದೆ, ಎಲ್ಲ ತಿದ್ದುಪಡಿಗೂ ಕಾರಣ ಬರೆದುಕೊಟ್ಟರೆ.

ಅವರು ಮೂರು ಫಾರಂ ನನ್ನ ಮುಂದಿಟ್ಟರು. ಟ್ಯೂಬು ಬದಲಾಯಿಸಿದ್ದಕ್ಕೆ ಕಾರಣ, ಎಂದು ಒಂದು ಸಾಲು ಖಾಲಿ ಇತ್ತು.

"ಈ ಮೂರನೇ ಮನೇಲಿ ಯಾಕೆ ಹಾಗೆ ಮಾಡಿದ್ರು ಅಂತ ಕೇಳ್ಕೊಂಡು ಬರ್ತೀರಾ? ಹತ್ತಿರಾನೇ ಅಲ್ವಾ?"

ಕೇಳಬಹುದಿತ್ತು. ಆ ಮನೆಯಾಕೆ ದಿನಾ ತರಕಾರಿ ಗಾಡಿಯ ಹತ್ತಿರ ಸಿಗುತ್ತಾಳೆ. ನಾಚಿಕೆಯೋ, ಬಾಯಿ ಒಣಗಿತ್ತೋ, ನನ್ನ ಮೇಲಿನ ಕನಿಕರವೋ, ಅವಳಿಗೊಂದು ಕಾರಣ ಇದ್ದೇ ಇರುತ್ತದೆ. ಅದನ್ನು ಬರೆದರೆ ತಪ್ಪು ಅವಳ ಮನೆಯದಾಗಿ ಸಮಿತಿಯ ಫೈಲಿನಲ್ಲಿ ಕುಳಿತುಬಿಡುತ್ತದೆ.

"ಬೇಡಮ್ಮ. ಕಾರಣ ಗೊತ್ತಿದೆ," ಎಂದು ಪೆನ್ನು ತೆಗೆದುಕೊಂಡೆ.

ಮೂರರಲ್ಲೂ ಒಂದೇ ಸಾಲು ಬರೆದೆ: 'ಸಂಗ್ರಹಿಸಿದಾಕೆ ನೋಡಿರಲಿಲ್ಲ.' ಕೆಳಗೆ ಸಹಿ ಹಾಕಿದೆ.